ಸರದಿಯಲ್ಲಿ ನೀವು ಇಪ್ಪತ್ತಮೂರನೆಯವರು

ಎಂಟಕ್ಕೆ ಇನ್ನೂ ಎರಡು ನಿಮಿಷ.
ಫ್ಲೀಟ್‌ವುಡ್‌ನ ಕಿಟಕಿ ಗಾಜಿನ ಮೇಲೆ
ಕಡಲುಪ್ಪು ಒಣಗಿ ಬೆಳ್ಳಗೆ ಕಟ್ಟಿದೆ.
ಕುರ್ಚಿಗಳು ಖಾಲಿ. ಮೂಲೆಯ ಮೀನಿನ ತೊಟ್ಟಿ ಗುಳುಗುಳು.
ಟೀ ಲೋಟ ಪಕ್ಕಕ್ಕಿಟ್ಟು
ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತೇನೆ.

ಎಂಟು.
ತೂಬು ಕಿತ್ತಂತೆ
ಊರಿಗೂರೇ ಕಿವಿಯೊಳಗೆ ನುಗ್ಗುತ್ತದೆ:
ಮಗುವಿನ ಮೈ ಸುಡುತ್ತಿದೆ, ಮೊಣಕಾಲು, ಮೂಲವ್ಯಾಧಿ,
ಮೂರು ವಾರದಿಂದ ಕಣ್ಣಿಗೆ ಕಣ್ಣು ಹತ್ತಿಲ್ಲ,
ನೀನೇನು ಡಾಕ್ಟರಾ, ನಿನಗ್ಯಾಕೆ ಹೇಳಬೇಕು?
ನಿಜ. ನಾನು ಡಾಕ್ಟರಲ್ಲ.
ಇರುವುದು ಹದಿನಾಲ್ಕು ಜಾಗ.
ಎಂಟೂ ಹದಿನೆಂಟಕ್ಕೆ ಪರದೆಯ ಹಸಿರೆಲ್ಲ ಕೆಂಪು,
ಆಮೇಲೆ ದಿನವಿಡೀ ನನ್ನ ಬಾಯಲ್ಲಿ ಒಂದೇ ಪಾಠ:
ನಾಳೆ, ಎಂಟಕ್ಕೆ.

ವಿಗ್ನಾಲ್ ಮುದುಕ ಮಾತ್ರ ಬೈಯುವವನಲ್ಲ.
ಐಸ್‌ಲ್ಯಾಂಡಿನ ತನಕ ಹೋಗಿ ಬಲೆ ಎಳೆದವನು.
'ಏನಿಲ್ಲಮ್ಮ... ಸ್ವಲ್ಪ ಉಬ್ಬಸ... ಬೇರೆ ಯಾರಿಗಾದರೂ... ಕೊಡು.'
ಎರಡು ಪದಕ್ಕೊಂದು ಉಸಿರು. ಎಣಿಸಿದೆ.
ಡಾಕ್ಟರಲ್ಲದ ಕಿವಿಗೂ ಅಷ್ಟು ಲೆಕ್ಕ ಬರುತ್ತದೆ.
ಡಾಕ್ಟರ್ ಇದೆಹೆನ್ ಅವರ ಊಟದ ಅರ್ಧ ಗಂಟೆಯನ್ನು
ಕೇಳದೆ ಕದ್ದು ಅವನ ಹೆಸರಿಗೆ ಬರೆದೆ.
ಮಧ್ಯಾಹ್ನ ಆಂಬುಲೆನ್ಸ್ ಬಂತು, ಹೋಯಿತು.
ಡಾಕ್ಟರಮ್ಮ ನನ್ನ ಮೇಜಿನ ಮುಂದೆ ನಿಂತು
ಏನೂ ಹೇಳದೆ
ತಮ್ಮ ಸ್ಯಾಂಡ್‌ವಿಚ್ ಅರ್ಧ ಮುರಿದು ಕೊಟ್ಟರು.
ಮುದುಕ ಬದುಕಿದ. ಕ್ರಿಸ್‌ಮಸ್ಸಿಗೆ
ಹೊಗೆಯಲ್ಲಿ ಒಣಗಿಸಿದ ಮೀನು ತಂದ, ಪೇಪರಿನಲ್ಲಿ ಸುತ್ತಿ;
ಮೇಜು ಎರಡು ದಿನ ನಾರಿತು.

ಕಳೆದ ಗುರುವಾರ ನನಗೆ ರಜೆ.
ಸ್ನಾನ ಮಾಡುವಾಗ ಎಡಗಂಕುಳಲ್ಲಿ
ಬಟಾಣಿಯಷ್ಟು ಏನೋ ಬೆರಳಿಗೆ ತಡೆಯಿತು.
ಫೋನ್ ಮಾಡಿದೆ, ಎಂಟಕ್ಕೆ, ಎಲ್ಲರ ಹಾಗೆ.
ಹಿಂಬಾಗಿಲು ಇತ್ತು. ಯಾಕೋ ಕೈ ಬರಲಿಲ್ಲ.
'ನಿಮ್ಮ ಕರೆ ನಮಗೆ ಮುಖ್ಯ,' ಎಂದಿತು
ನನ್ನದೇ ದನಿ,
ಆರು ವರ್ಷದ ಹಿಂದೆ, ನೆಗಡಿಯಾಗಿದ್ದ ದಿನ ಹಿಡಿದದ್ದು.
ಒಂದರಿಂದ ಐವತ್ತರ ತನಕ ಮಗ್ಗಿಯಂತೆ ಹೇಳಿಸಿದ್ದರು.
'ಸರದಿಯಲ್ಲಿ ನೀವು ಇಪ್ಪತ್ತಮೂರನೆಯವರು.'
ಎಷ್ಟು ಸಲೀಸಾಗಿ ಹೇಳುತ್ತಾಳೆ, ಮೂಗಿನಲ್ಲಿ!
ಒದ್ದೆ ತಲೆಯಲ್ಲಿ ನಿಂತು ಅವಳನ್ನು ಬೈದೆ.
ಇಷ್ಟು ವರ್ಷ ಉಂಡ ಬೈಗುಳ, ಒಂದೂ ಮರೆತಿರಲಿಲ್ಲ.

ಹದಿನೇಳು. ಹದಿನಾರು.
ಹೊರಗೆ ಕಡಲಹಕ್ಕಿಯೊಂದು ಕಸದ ಚೀಲ ಸೀಳಿ
ಹಳೇ ಚಿಪ್ಸ್ ಹೆಕ್ಕುತ್ತಿತ್ತು.
ಒಂಬತ್ತು. ನೀರು ಬೆನ್ನಿನಿಂದಿಳಿದು ತಣ್ಣಗಾಯಿತು.
ಮೂರು.

ಜನೀನ್ ಎತ್ತಿಕೊಂಡಳು: 'ಹೇಳಿ, ಏನು ತೊಂದರೆ?'
ಪಕ್ಕದ ಕುರ್ಚಿಯವಳು; ನನ್ನ ದನಿ ಅವಳಿಗೆ ಗುರುತಾಗಲಿಲ್ಲ.
ಹೆಸರು ಹೇಳಲು ಬಾಯಿ ತೆರೆದರೆ
ಬಂದದ್ದು ಆ ಮುದುಕನ ಮಾತು:
'ಏನಿಲ್ಲ... ಬೇರೆ ಯಾರಿಗಾದರೂ...'

ಆ ಕಡೆ ಸದ್ದಿಲ್ಲ.
ಆ ಮೌನ ನನಗೆ ಗೊತ್ತು.
ಅವಳು
ನನ್ನ ಉಸಿರು ಎಣಿಸುತ್ತಿದ್ದಳು.