ಅರೆಯುಸಿರು

ಜೂನ್ ತಿಂಗಳ ಮಕಾಯ್, ರಾತ್ರಿಯ ಪಾಳಿ.
ಕಬ್ಬು ಹೊತ್ತ ಪುಟ್ಟ ರೈಲು ಮನೆಗಳ ಹಿತ್ತಲಿಗೆ ತಾಗಿಕೊಂಡೇ
ಹಳಿ ಕಿರುಗುಟ್ಟಿಸುತ್ತ ಗಿರಣಿಗೆ ಬರುತ್ತದೆ.
ರಸ ಹೋಗುವಲ್ಲಿಗೆ ಹೋಯಿತು.
ನನಗೆ ಬೇಕಾದದ್ದು ರಸವಲ್ಲ,
ಎಲ್ಲರೂ ಹಿಂಡಿ ಬಿಟ್ಟ ಮೇಲೆ ಉಳಿದ ಸಿಪ್ಪೆ.

ಕಾರ್ಮೆಲ್ ಝಾಮಿತ್ ತಂದುಕೊಡುತ್ತಾನೆ, ಗೋಣಿಯಲ್ಲಿ,
ಬಾಯ್ಲರಿನ ಬಾಯಿಗೆ ಬೀಳುವ ಮುಂಚೆ ಕದ್ದವನಂತೆ.
ಮೂವತ್ತೆಂಟು ವರ್ಷ ಸಕ್ಕರೆಯ ಕೆಲಸ;
ಎಡಗಾಲಿನ ಎರಡು ಬೆರಳು ಸಕ್ಕರೆಗೇ ಹೋದವು.
"ಬಾಕಿ ತೀರಿತು" ಎನ್ನುತ್ತಾನೆ. ನಗುವುದಿಲ್ಲ.

ಸಿಪ್ಪೆ ಸುಮ್ಮನೆ ಬಾಯಿ ಬಿಡುವುದಿಲ್ಲ.
ತೆಳು ಆಮ್ಲದಲ್ಲಿ, ಒತ್ತಡದಲ್ಲಿ ಬೇಯಿಸಬೇಕು.
ಆಗ ಇಳಿಯುವುದು ಕಷಾಯದಂಥ ಕಂದು ನೀರು.
ಅದರಲ್ಲಿ ಸಿಹಿಯೂ ಉಂಟು, ವಿಷವೂ ಉಂಟು,
ಕಹಿಬಾದಾಮಿ ವಾಸನೆಯ ಫರ್‌ಫ್ಯೂರಲ್.
ಸುಣ್ಣ ಹಾಕಿ ಹುಳಿ ಮುರಿದೆ,
ಇದ್ದಿಲಿನಲ್ಲಿ ಸೋಸಿದೆ.
ಬೆಲ್ಲದ ಕೊಪ್ಪರಿಗೆಗೆ ಸುಣ್ಣದ ತಿಳಿ ಬಿಡುತ್ತಿದ್ದವರು
ನನ್ನ ಈ ಗಾಜಿನ ಪಾತ್ರೆ ನೋಡಿದ್ದರೆ
ಬೆಂಕಿ ಎಲ್ಲಿ ಎಂದಷ್ಟೇ ಕೇಳುತ್ತಿದ್ದರು.

ಇನ್ನು ಯೀಸ್ಟು. ಫ್ರಿಜ್ಜಿನ ಮೂಲೆಯ ಸೀಸೆಯಿಂದ
ಹೆಪ್ಪು ಹಾಕುವಷ್ಟೇ.
ಮೊದಲ ಸಲ ಧಾರಾಳಿಯಾದೆ, ಗಾಳಿ ಬಿಟ್ಟೆ.
ಉಂಡವು, ಉಬ್ಬಿದವು, ಮಕ್ಕಳು ಮರಿ ಮಾಡಿಕೊಂಡವು.
ಸಕ್ಕರೆಯೆಲ್ಲ ಸಂಸಾರಕ್ಕೇ ಖರ್ಚು,
ನನಗೆ ನೊರೆ.
ಎರಡನೆಯ ಸಲ ಸಿಟ್ಟು ಬಂದು ಗಾಳಿಯನ್ನೇ ಕಟ್ಟಿದೆ.
ಮುನಿಸಿಕೊಂಡ ಬೀಗರ ಹಾಗೆ ತಳದಲ್ಲಿ ಕೂತವು,
ಬಡಿಸಿದ್ದನ್ನು ಮುಟ್ಟಲೇ ಇಲ್ಲ.

ನಡುವೆ ಎಲ್ಲೋ ಒಂದು ಹದ ಇದೆ.
ಮೂರು ವಾರ ಅದನ್ನೇ ಹುಡುಕಿದೆ.
ಕದಡುವ ರೆಕ್ಕೆ ನಿಮಿಷಕ್ಕೆ ಮುನ್ನೂರು ಸುತ್ತು,
ಇನ್ನೂರೈವತ್ತು, ಇನ್ನೂರು;
ಮೂವತ್ತು ಡಿಗ್ರಿ, ಮೂವತ್ತೆರಡು, ಮತ್ತೆ ಮೂವತ್ತು.
ನೋಟ್‌ಬುಕ್ಕಿನ ಒಂದು ಪುಟದಲ್ಲಿ ಬರೀ "ಛೆ" ಎಂದಿದೆ.

ಸಿಕ್ಕಾಗ ಸದ್ದೇನೂ ಆಗಲಿಲ್ಲ.
ಅರೆಹೊಟ್ಟೆಯಲ್ಲ, ಅರೆಯುಸಿರು:
ಬದುಕುವಷ್ಟು ಗಾಳಿ, ಬೆಳೆಯುವಷ್ಟಲ್ಲ.
ಆಗ ಅವು ಸಕ್ಕರೆಯನ್ನು ಹಿಡಿದು, ಮುಂದೆ ಒಯ್ಯಲಾರದೆ,
ಅರ್ಧಕ್ಕೇ ಕೈಬಿಡುತ್ತವೆ.
ಆ ಅರ್ಧಕ್ಕೆ ನಿಂತ ಕೆಲಸದ ಹೆಸರೇ ಝೈಲಿಟಾಲ್.
ನೂರು ಗ್ರಾಮಿಗೆ ಎಪ್ಪತ್ತೊಂದು.
ಕುಣಿಯಬೇಕಿತ್ತು ನಾನು.
ಯಾಕೋ ಎದ್ದು ಹೋಗಿ ಕಿಟಕಿ ತೆರೆದೆ.

ಬೆಳಗಿನ ಜಾವ ಕಾರ್ಮೆಲ್ ಅಂಗೈ ಚಾಚಿದ.
ಒಂದು ಚಿಟಿಕೆ ಹರಳು.
ನಾಲಿಗೆಯ ಮೇಲಿಟ್ಟು ಕಣ್ಣು ಕಿರಿದು ಮಾಡಿದ:
"ತಣ್ಣಗಿದೆ.
ಸಿಹಿ ಎಂದರೆ ಬಿಸಿ ಎಂದುಕೊಂಡಿದ್ದೆ, ಇಷ್ಟು ವರ್ಷ."
ಇನ್ನೊಂದು ಚಿಟಿಕೆ ಕೇಳಲಿಲ್ಲ.

ಹೊರಗೆ ಅವನ ಗಾಡಿಯ ಹಿಂಬದಿಯಲ್ಲಿ ನಾಯಿ, ಟಿಲ್ಲಿ.
ಮನುಷ್ಯರ ಹಲ್ಲಿಗೆ ಒಳ್ಳೆಯದು, ನಾಯಿಗೆ ಮರಣ,
ಒಂದೇ ಸಲ ಹೇಳಿದ್ದೆ.
ನಲ್ಲಿಯಡಿ ಕೈ ತೊಳೆದ.
ಸೋಪು ಹಚ್ಚಿ ಮತ್ತೆ ತೊಳೆದ,
ಉಗುರಿನ ಸಂದು, ಉಂಗುರದ ಕೆಳಗೆ.
ಬಾಯಿ ಮುಕ್ಕಳಿಸಿ ಉಗಿದ.
ಬಾಲ ಬಡಿಯುತ್ತ ಅದು ಕಾಯುತ್ತಲೇ ಇತ್ತು.
ಆಮೇಲೆ ನೆಕ್ಕಲು ಕೊಟ್ಟ,
ಎರಡೂ ಕೈ.