ಕುದಿಸಿ ಆರಿಸಿದ ಮೋಡ

ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವನ ಗಾದೆ
ಯಾವ ಊರಿನದೋ. ನಾನು
ಒಂದೇ ಒಂದು ನೆಗಡಿ ಕೊಡಪ್ಪಾ ಎಂದು
ಮೇಣದಬತ್ತಿ ಹಚ್ಚಿದವಳು.
ಕಣ್ಣಿಗೊಬ್ಬಳು ಸಂತಳಿದ್ದಾಳೆ, ಗಂಟಲಿಗೊಬ್ಬ ಸಂತ,
ಮೂಗಿನ ಉಸಾಬರಿ ಯಾರೂ ವಹಿಸಿಕೊಂಡಿಲ್ಲ.
ಗಂಟಲಿನವನಿಗೇ ಹೇಳಿದೆ:
ಪಕ್ಕದ ಮನೆಯೇ ತಾನೆ, ನೋಡಿಕೋ.

ನಾನು ಉಬಾಲ್ದಿನಾ. ಚಿಲಿಯ ಉತ್ತರದ ಒಣಗುಡ್ಡಗಳಲ್ಲಿ
ನಲವತ್ತು ಮೇಕೆ, ಒಂದು ಹೋತ, ಮೂವತ್ತು ವರ್ಷದ ಚೀಸಿನ ಕೆಲಸ.
ಮೊದಲು ಬಾಯಿ ಒಣಗಿತು, ರೊಟ್ಟಿ ನೀರಿಲ್ಲದೆ ಇಳಿಯದಾಯಿತು.
ಆಮೇಲೆ ಕಣ್ಣು. ಅಮ್ಮನನ್ನು ಮಣ್ಣು ಮಾಡಿದ ದಿನ
ಒಂದು ಹನಿ ಬರಲಿಲ್ಲ; ನಾದಿನಿಯರು ನೋಡಿದರು,
ನೋಡಿ ಮುಖ ತಿರುಗಿಸಿದರು.
ಕೊನೆಗೆ ಮೂಗು.
ಒಳಗೆ ಯಾರೋ ಸುಣ್ಣ ಬಳಿದು, ಒಣಗಲು ಬಿಟ್ಟು,
ಉಗುರಿನಿಂದ ಕೆರೆದ ಹಾಗೆ.
ಬೆಳಗ್ಗೆ ಕರವಸ್ತ್ರದಲ್ಲಿ ಹಕ್ಕಳೆ, ಹಕ್ಕಳೆಯಂಚಿಗೆ ಕೆಂಪು.

ಓವಾಯೆಯ ಆಸ್ಪತ್ರೆಯಲ್ಲಿ ಹುಡುಗಿಯಂಥ ಡಾಕ್ಟರು
ತುಟಿಯೊಳಗಿನ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿ
ಒಂದು ಹೆಸರು ಹೇಳಿದಳು: ಶೋಗ್ರೆನ್.
ಹಿಮದ ನಾಡಿನ ಹೆಸರಂತೆ.
ಇಷ್ಟು ಒಣಗಿದವರಿಗೆ ಹಿಮದ ನಾಡಿನ ಹೆಸರು!
"ನಿನ್ನ ಮೈಯ ಕಾವಲಿನವರೇ
ನಿನ್ನ ಬಾವಿಗಳಿಗೆ ಕಲ್ಲು ಹಾಕುತ್ತಿದ್ದಾರೆ" ಎಂದಳು,
ಮೇಕೆ ಕಾಯುವವನ ಮೊಮ್ಮಗಳಿರಬೇಕು.
ವಾಸಿಯಾಗುತ್ತದಾ ಎಂದೆ.
ಇಲ್ಲ, ತೇವ ಮಾಡಿಕೊಳ್ಳಬಹುದು ಎಂದಳು.
ಎರಡರ ನಡುವೆ ಎಷ್ಟು ದೂರವೆಂದು
ಬಸ್ಸಿನಲ್ಲಿ ಮೂರು ತಾಸು ಅಳೆದೆ.

ಉಪ್ಪುನೀರಿನ ಸೀಸೆ ದಿನಕ್ಕೆ ನಾಲ್ಕು ಸಲ,
ರಾತ್ರಿ ಕಿರುಬೆರಳ ತುದಿಯಲ್ಲಿ ಮುಲಾಮು,
ಹಾಸಿಗೆಯ ಬಳಿ ಒದ್ದೆ ಬಟ್ಟೆ. ಕೀಳಬೇಡ, ಕೆರೆಯಬೇಡ.
ಸೀಸೆ ಎರಡು ವಾರಕ್ಕೆ ಖಾಲಿ.
ಔಷಧಿ ಅಂಗಡಿ ಅದೇ ಮೂರು ತಾಸಿನಾಚೆ.

ತಮ್ಮ ಫ್ರೊಯಿಲಾನ್ ಗುಡ್ಡದ ನೆತ್ತಿಯಲ್ಲಿ
ಮಂಜು ಹಿಡಿಯುವ ಬಲೆ ಕಾಯುತ್ತಾನೆ.
ಕಂಬದಿಂದ ಕಂಬಕ್ಕೆ ಬಿಗಿದ ಕರಿಬಲೆ;
ಕಡಲಿಂದ ಕಮಂಚಾಕ ಏರಿ ಬಂದು
ಕಣ್ಣುಕಣ್ಣಲ್ಲೂ ನುಸುಳುವಾಗ ತನ್ನ ಬೆವರು ಬಿಟ್ಟು ಹೋಗುತ್ತದೆ.
ಹನಿಗೆ ಹನಿ ಅಂಟಿ, ದೋಣಿಗಿಳಿದು, ಪೀಪಾಯಿಗೆ.
ನನ್ನ ಮೂಗೂ ಹಿಂದೆ ಒಳಗೆಲ್ಲ ಒದ್ದೆ ಬಲೆಯಂತೆ,
ಬರುವ ಗಾಳಿಯನ್ನು ನೆನೆಸಿ ಒಳಗೆ ಬಿಡುತ್ತಿತ್ತಂತೆ.
ಐವತ್ತು ವರ್ಷ ದುಡಿದದ್ದು ನನಗೆ ಗೊತ್ತೇ ಇರಲಿಲ್ಲ.
ಸಂಬಳ ಕೇಳದ ಆಳು.

ಅವನು ತಂದ ಕ್ಯಾನಿನ ನೀರನ್ನು ಕೊತಕೊತ ಕುದಿಸಿ,
ಆರಲು ಬಿಟ್ಟು, ಚಿಟಿಕೆ ಉಪ್ಪು,
ಉರಿ ಮುರಿಯಲು ಇನ್ನೂ ಸಣ್ಣ ಚಿಟಿಕೆ ಸೋಡಾ.
ಬಚ್ಚಲಲ್ಲಿ ತಲೆ ಓರೆ ಮಾಡಿ ನಿಂತು
ಒಂದು ಹೊಳ್ಳೆಗೆ ಮೋಡ ಹೊಯ್ದೆ,
ಇನ್ನೊಂದರಿಂದ ಇಳಿಯಿತು.
ಮೊದಲ ದಿನ ಚೀರಿದೆ; ಉಪ್ಪು ಹೆಚ್ಚಾಗಿತ್ತು.
ಫ್ರೊಯಿಲಾನ್ ಬಾಗಿಲಲ್ಲಿ ನಿಂತು ನಕ್ಕ,
ಆಮೇಲೆ ತಾನೇ ಅಳತೆಯ ಚಮಚ ಹುಡುಕಿ ಕೊಟ್ಟ.
ಹದ ಸಿಕ್ಕಿದ್ದು ಆರನೆಯ ದಿನ:
ಕಣ್ಣೀರಿನಷ್ಟು ಉಪ್ಪಿದ್ದರೆ ಸಾಕು.
ಆ ರುಚಿ ನನಗೆ ಮರೆತಿತ್ತು.
ಅವನೇ ಬೆರಳದ್ದಿ, ನಾಲಗೆಗೆ ತಾಗಿಸಿ, ಹೂಂ, ಇದೇ ಎಂದ.
ಇವನು ಯಾವಾಗ ಅತ್ತಿದ್ದ? ಕೇಳಲಿಲ್ಲ.

ಚೀಸು ಹದಕ್ಕೆ ಬಂತೆಂದು ಮೂಗೇ ಹೇಳಬೇಕು.
ಎರಡು ವರ್ಷ ತಂಗಿಯ ಮಗಳ ಮೂಗು ಕಡ ತಂದೆ,
ಹಲಗೆಯ ಬಳಿ ನಿಲ್ಲಿಸಿ ಕೇಳುತ್ತಿದ್ದೆ, ಆಯ್ತಾ? ಈಗ ಆಯ್ತಾ?
ಅವಳಿಗೆ ಎಲ್ಲದರಲ್ಲೂ ಮೇಕೆಯೇ.

ಮೇ ತಿಂಗಳ ಒಂದು ಬೆಳಗ್ಗೆ ಕೊಟ್ಟಿಗೆಯ ಅಗುಳಿ ತೆಗೆದರೆ
ಗಮ್ಮನೆ ಹೋತದ ನಾತ!
ಹಳೆ ಸಾಲಗಾರನ ಹಾಗೆ ಎದುರಿಗೇ ನಿಂತಿತು.
ಊರೆಲ್ಲ ಮೂಗು ಮುಚ್ಚುವ ಆ ಗಬ್ಬನ್ನು
ಬಾಗಿಲು ಹಿಡಿದುಕೊಂಡು
ಎರಡು ಸಲ, ಮೂರು ಸಲ, ಎದೆ ತುಂಬ ಎಳೆದುಕೊಂಡೆ.
ಮಧ್ಯಾಹ್ನಕ್ಕೆ ಹೋಯಿತು. ಮತ್ತೆ ಹಕ್ಕಳೆ.

ಹೋಗಲಿ. ಸಂಜೆಗೆ ಪಾತ್ರೆ ಒಲೆಯ ಮೇಲೆ.
ಫ್ರೊಯಿಲಾನ್ ಹರಿದ ಬಲೆಗೆ ದಾರ ಪೋಣಿಸುತ್ತ ಗೊಣಗುತ್ತಾನೆ,
ಇವತ್ತು ಹೊಲಿದದ್ದು ನಾಳೆ ಗಾಳಿಗೆ ಹರಿಯುತ್ತದೆ,
ಈ ಕೆಲಸಕ್ಕೆ ರಜೆಯೇ ಇಲ್ಲವಲ್ಲ ಅಕ್ಕ.
ನಾನು ಉತ್ತರ ಕೊಡುವ ಹಾಗಿಲ್ಲ,
ತಲೆ ಓರೆಯಾಗಿದೆ,
ಮೂಗಿನ ತುಂಬ ನೀರು.