ಕಣ್ಣಿಗೆ ಕಟ್ಟಿದ್ದು

ಬ್ಯಾಲರಾಟಿನಲ್ಲಿ, ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ
ಡಿಲೀಸ್ ನನ್ನೆದುರು ಎರಡು ಬೆರಳು ಎತ್ತುತ್ತಾಳೆ.
ಕತ್ತು ಅಲ್ಲಾಡಬಾರದು, ಕಣ್ಣಷ್ಟೇ ಹಿಂಬಾಲಿಸಬೇಕು:
ಎಡಕ್ಕೆ, ಬಲಕ್ಕೆ, ಎಡಕ್ಕೆ.
ಕೆಳಗೆ ಯಾರೋ ಚಕ್ರದ ನಟ್ಟು ಬಿಚ್ಚುವ ಸದ್ದು.
ಪ್ರತಿ ಸಲವೂ ನನ್ನ ಭುಜ ಕಿವಿಗೇರುತ್ತದೆ.

"ಎಷ್ಟಿದೆ ಈಗ? ಸೊನ್ನೆಯಿಂದ ಹತ್ತರೊಳಗೆ?"
ಹತ್ತು, ಅನ್ನುತ್ತೇನೆ. ಹನ್ನೊಂದು ಅನ್ನಲು ನಾಚಿಕೆ.

ಕಣ್ಣಿಗೆ ಕಟ್ಟಿದಂತಿದೆ ಎನ್ನುತ್ತಾರಲ್ಲ ನಮ್ಮಲ್ಲಿ,
ಯಾರದೋ ಮದುವೆ, ಸತ್ತ ಅಜ್ಜನ ನಗು ನೆನೆಯುವಾಗ.
ಕಟ್ಟಿದವರು ಯಾರು, ಯಾವ ಹಗ್ಗದಿಂದ,
ಬಿಚ್ಚುವುದು ಹೇಗೆ, ಯಾರೂ ಹೇಳಿರಲಿಲ್ಲ.

ನನ್ನ ಕಣ್ಣಿಗೆ ಕಟ್ಟಿರುವುದು ಇಷ್ಟು:
ಮೇ ತಿಂಗಳ ಸಂಜೆ, ಎದುರು ಬಿಸಿಲು,
ಗೇಟಿಲ್ಲದ ಕ್ರಾಸಿಂಗು, ಹಳಿಯ ಮೇಲೆ ಕೆಟ್ಟು ನಿಂತ ಬಿಳಿ ಯೂಟ್,
ಅದರ ಬೆನ್ನ ಮೇಲೆ ಸೇಬಿನ ಪೆಟ್ಟಿಗೆಗಳು,
ಮತ್ತೆ ಅವನು. ಕೈ ಎತ್ತಿದವನು.
ನಿಲ್ಲು ಎಂದನೋ, ಬಿಸಿಲಿಗೆ ಅಡ್ಡ ಹಿಡಿದನೋ.
ಆಮೇಲೆ ಹಿಂದಕ್ಕೆ ನಡೆದು ಹೋದಾಗ
ಜಲ್ಲಿಕಲ್ಲಿನ ನಡುವೆ ಸೇಬುಗಳು.
ಒಂದಕ್ಕಂತೂ ಗೀರು ಕೂಡ ಬಿದ್ದಿರಲಿಲ್ಲ.

ಹನ್ನೊಂದು ತಿಂಗಳು.
ಸಂಗನಬಸು ಮನೆಗೆ ಸೇಬು ತರುವುದನ್ನೇ ಬಿಟ್ಟ,
ಯಾಕೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.
ಚಾಲಕಿಯ ತಪ್ಪಿಲ್ಲ ಎಂದಿತು ವಿಚಾರಣೆಯ ಕಾಗದ.
ಕಾಗದಕ್ಕೇನು, ಅದು ಕ್ಯಾಬಿನ್ನಿನಲ್ಲಿ ಇರಲಿಲ್ಲ.
ತಡಮಾಡಿದೆ ನಾನು. ಬರೀ ನೋಡುತ್ತ ಕೂತಿದ್ದೆ.
ನನಗೆ ಗೊತ್ತು.

ಎಡಕ್ಕೆ, ಬಲಕ್ಕೆ.
"ಏನು ಬಂತು?"
ಏನಿಲ್ಲ. ನಿನ್ನ ಉಂಗುರ ಸಡಿಲವಾಗಿದೆ.
"ಇರಲಿ, ಅದರ ಜೊತೆಗೇ ಹೋಗು."

"ಈಗೇನು ಬಂತು?"
ಲಾಳಿ, ಅನ್ನುತ್ತೇನೆ, ಕನ್ನಡದಲ್ಲೇ.
ಅವಳು ಅರ್ಥ ಕೇಳುವುದಿಲ್ಲ.
ಗುಳೇದಗುಡ್ಡದ ಕುಣಿಮಗ್ಗ. ಕುಣಿಯೊಳಗೆ ಅವ್ವನ ಕಾಲು,
ಖಣದ ಕೆಂಪು ಎಳೆ ಹೊತ್ತು
ಈ ಕೈಯಿಂದ ಆ ಕೈಗೆ ಓಡುವ ಲಾಳಿ;
ಅದನ್ನೇ ನೋಡುತ್ತ ನೋಡುತ್ತ
ಗೋಡೆಗೊರಗಿ ತೂಕಡಿಸುವ ಏಳು ವರ್ಷದ ನಾನು.
ಟಕ್. ನಿಂತಿತು. "ಎಳಿ ಹರದೈತಿ, ತಡಿ."
ಹರಿದ ಎರಡೂ ತುದಿ ಹುಡುಕಿ
ಬೂದಿ ಮುಟ್ಟಿದ ಬೆರಳಲ್ಲಿ ಅವ್ವ ಹೊಸೆಯುತ್ತಾಳೆ.
ಸೇರಿದ ಜಾಗ ಸವರಿದರೆ ತಾಕುತ್ತದೆ, ಕಾಣುವುದಿಲ್ಲ.

ಕಾಲೆತ್ತಿದರೆ ಮಗ್ಗ ನಿಲ್ಲುತ್ತದೆ.
ರೈಲು ನಿಲ್ಲಲು ಒಂಬೈನೂರು ಮೀಟರು ಕೇಳುತ್ತದೆ.
ಗೊತ್ತಿಲ್ಲದ್ದೇನಲ್ಲ, ಪರೀಕ್ಷೆಯಲ್ಲಿ ಬರೆದು ಪಾಸಾದದ್ದು.
ಕಿವಿಗೆ ಬಿದ್ದದ್ದು ಮಾತ್ರ ಇವತ್ತು.

ಎಡಕ್ಕೆ, ಬಲಕ್ಕೆ. ಮತ್ತೆ ಅದೇ ಸಂಜೆ.
ಈ ಸಲ ಗಾಜಿನಾಚೆ ನೋಡದೆ ಕೆಳಗೆ ನೋಡುತ್ತೇನೆ:
ಬ್ರೇಕಿನ ಹಿಡಿಯ ಮೇಲೆ ಒಂದು ಕೈ.
ಹಿಡಿ ಅದಾಗಲೇ ಕೊನೆ ಮುಟ್ಟಿದೆ.
ಹಾರ್ನ್ ಇನ್ನೂ ಕೂಗಿಲ್ಲ. ಅವನ ಕೈ ಇನ್ನೂ ಎದ್ದಿಲ್ಲ.
ಆ ಕೈಗೆ ನನ್ನ ಗಡಿಯಾರ,
ಬೆಳಗಿನ ಒಗ್ಗರಣೆಯ ಅರಿಸಿನ ಹತ್ತಿದ ಉಗುರು.
ಯಾರ ಕೈಯೆಂದು ಗುರುತು ಹಿಡಿಯಲು
ಹನ್ನೊಂದು ತಿಂಗಳು ಬೇಕಾಯಿತು.

ಅಳು ಬರಲಿಲ್ಲ. ಆಕಳಿಕೆ ಬಂತು, ಒಂದರ ಮೇಲೊಂದು.
ಕ್ಷಮಿಸು ಎಂದೆ. ಡಿಲೀಸ್ ನೀರು ಕೊಟ್ಟಳು.
"ಎಷ್ಟಿದೆ ಈಗ?"
ನಾಲ್ಕು.
ಅವನು ಹೋಗಿಲ್ಲ. ಹೋಗಲಿ ಎಂದು ನಾನು ಬಂದದ್ದೂ ಅಲ್ಲ.
ಹಳಿಯಿಂದ ಒಂದಿಷ್ಟು ಆಚೆ ಸರಿದು ನಿಂತಿದ್ದಾನೆ,
ಎತ್ತಿದ ಕೈ ಎತ್ತಿಯೇ.

ಕೆಳಗಿಳಿದರೆ ಚಳಿ. ಮೂಲೆಯ ಹಣ್ಣಿನಂಗಡಿಯಲ್ಲಿ
ಒಂದು ಸೇಬು ಎತ್ತಿಕೊಂಡೆ. ಕೈಯಲ್ಲೇ ತೂಗಿದೆ. ಹಿಂದಕ್ಕಿಟ್ಟೆ.
ಅರ್ಧ ಕಿಲೋ ಮರಸೇಬು ಕಟ್ಟಿಸಿಕೊಂಡೆ.
ಹೆಸರಿನಲ್ಲಾದರೂ ಇದೆಯಲ್ಲ,
ಈ ವಾರಕ್ಕೆ ಅಷ್ಟು ಸಾಕು.